ಮ್ಯೂಚುವಲ್ ಫಂಡ್ ಡಿವಿಡೆಂಡ್ ಮತ್ತು ವಾರ್ಷಿಕ ಪ್ರತಿಫಲ: ಕುಟುಂಬಗಳು ತಿಳಿದಿರಬೇಕಾದ ಲೆಕ್ಕ

ನಿವೃತ್ತಿಯ ಹಣವನ್ನೋ, ಜಮೀನು ಮಾರಿದ ಹಣವನ್ನೋ, ಅಂಗಡಿಯ ಉಳಿತಾಯವನ್ನೋ ಮ್ಯೂಚುವಲ್ ಫಂಡ್‌ನಲ್ಲಿ ತೊಡಗಿಸುವ ಮುನ್ನ ಮನೆಯ ಹಿರಿಯರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ವರ್ಷಕ್ಕೆ ಶೇಕಡಾ ಎಷ್ಟು ಬರುತ್ತದೆ? ಡಿವಿಡೆಂಡ್ ಎಷ್ಟು ಕೊಡುತ್ತಾರೆ? ಬ್ಯಾಂಕ್ ಠೇವಣಿಯಲ್ಲಿ ಈ ಎರಡಕ್ಕೂ ಉತ್ತರ ಒಂದೇ, ಅದು ಬಡ್ಡಿ. ಬಡ್ಡಿ ಕೈಗೆ ಬಂದರೂ ಅಸಲು ಅಲ್ಲೇ ಇರುತ್ತದೆ. ಫಂಡ್‌ನಲ್ಲಿ ಹಾಗಲ್ಲ. ಫಂಡ್ ಕೊಡುವ ಡಿವಿಡೆಂಡ್ ನಿಮ್ಮದೇ ಹಣದ ಒಂದು ಭಾಗ. ಅದು ನಿಮ್ಮ ಖಾತೆಗೆ ಬಂದ ದಿನ ಫಂಡ್‌ನಲ್ಲಿರುವ ನಿಮ್ಮ ಹಣ ಅಷ್ಟೇ ಕಡಿಮೆಯಾಗಿರುತ್ತದೆ. ಇದನ್ನು ತಿಳಿಯದೆ ಹೆಚ್ಚು ಡಿವಿಡೆಂಡ್ ಕೊಡುವ ಫಂಡ್ ಹುಡುಕುವವರು ಅನಗತ್ಯವಾಗಿ ತೆರಿಗೆ ಕಟ್ಟುತ್ತಾರೆ. ಕೆಲವೊಮ್ಮೆ ಅಸಲನ್ನೇ ಖರ್ಚು ಮಾಡುತ್ತಾ ಅದನ್ನು ಆದಾಯ ಎಂದುಕೊಂಡಿರುತ್ತಾರೆ.

ಡಿವಿಡೆಂಡ್ ಎಲ್ಲಿಂದ ಬರುತ್ತದೆ?

ಒಂದು ಲೆಕ್ಕ ನೋಡೋಣ. ನಿಮ್ಮಲ್ಲಿ ಒಂದು ಈಕ್ವಿಟಿ ಫಂಡ್‌ನ 1,000 ಯೂನಿಟ್ ಇವೆ, ಎನ್‌ಎವಿ ಅಂದರೆ ಒಂದು ಯೂನಿಟ್‌ನ ಅಂದಿನ ಮೌಲ್ಯ 50 ರೂ. ಎಂದುಕೊಳ್ಳಿ. ಒಟ್ಟು ಮೌಲ್ಯ 50,000 ರೂ. ಫಂಡ್ ಯೂನಿಟ್‌ಗೆ 4 ರೂ. ಡಿವಿಡೆಂಡ್ ಕೊಟ್ಟರೆ 4,000 ರೂ. ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಅದರ ಜೊತೆಗೇ ಎನ್‌ಎವಿ 46 ರೂ.ಗೆ ಇಳಿಯುತ್ತದೆ. ಫಂಡ್‌ನಲ್ಲಿ 46,000, ಬ್ಯಾಂಕಿನಲ್ಲಿ 4,000. ಒಟ್ಟು ಮೊದಲಿದ್ದ 50,000 ರೂಪಾಯಿಯೇ. ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು, ಅಷ್ಟೇ.

ಈ ಡಿವಿಡೆಂಡನ್ನು ಶೇ. 40 ಡಿವಿಡೆಂಡ್ ಎಂದೂ ಹೇಳಬಹುದು! ಏಕೆಂದರೆ ಆ ಶೇಕಡಾವಾರು ಸಾಮಾನ್ಯವಾಗಿ ಯೂನಿಟ್‌ನ ಮುಖಬೆಲೆಯಾದ 10 ರೂ. ಮೇಲಿನ ಲೆಕ್ಕ. ನೀವು ಕೊಟ್ಟ ಬೆಲೆಗೂ ಈಗಿನ ಎನ್‌ಎವಿಗೂ ಅದಕ್ಕೆ ಸಂಬಂಧವಿಲ್ಲ. 50 ರೂ. ಯೂನಿಟ್‌ಗೆ 4 ರೂ. ಎಂದರೆ ಶೇ. 8 ಮಾತ್ರ, ಅದೂ ನಿಮ್ಮ ಯೂನಿಟ್‌ನ ಮೌಲ್ಯದಿಂದಲೇ ತೆಗೆದದ್ದು. ಯಾರಾದರೂ ಫಂಡ್‌ನ ಡಿವಿಡೆಂಡ್ ಶೇಕಡಾವಾರಿನಲ್ಲಿ ಹೇಳಿದರೆ, ಯೂನಿಟ್‌ಗೆ ಎಷ್ಟು ರೂಪಾಯಿ, ಇಂದಿನ ಎನ್‌ಎವಿ ಎಷ್ಟು ಎಂದು ಮರುಪ್ರಶ್ನೆ ಹಾಕಿ.

ರೆಕಾರ್ಡ್ ದಿನಾಂಕಕ್ಕೆ ಮೊದಲು ಹಣ ಹಾಕಿದರೆ ಡಿವಿಡೆಂಡ್ ಸಿಗುತ್ತದೆ, ಬೇಗ ಹಾಕಿ ಎಂಬ ಸಲಹೆಯೂ ಕೇಳಿಬರುತ್ತದೆ. ಈ ವಾರ ಹಾಕಿದ ಹಣದ ಒಂದು ಭಾಗವನ್ನು ಮುಂದಿನ ವಾರ ವಾಪಸ್ ಪಡೆದು, ಅದಕ್ಕೆ ಆದಾಯ ತೆರಿಗೆಯನ್ನೂ ಕಟ್ಟುವ ಸಲಹೆ ಇದು.

ಮಾರುಕಟ್ಟೆ ನಿಯಂತ್ರಕ ಸೆಬಿ ಈ ಗೊಂದಲವನ್ನು ಗಮನಿಸಿ 2021ರ ಏಪ್ರಿಲ್ 1ರಿಂದ ಹೆಸರನ್ನೇ ಬದಲಿಸಿತು. ಈಗ ಫಂಡ್‌ಗಳ ಪತ್ರಗಳಲ್ಲಿ ಡಿವಿಡೆಂಡ್ ಆಯ್ಕೆಯ ಜಾಗದಲ್ಲಿ ಐಡಿಸಿಡಬ್ಲ್ಯು ಎಂದಿರುತ್ತದೆ. ಆದಾಯ ಹಂಚಿಕೆಯ ಜೊತೆಗೆ ಬಂಡವಾಳ ಹಿಂಪಡೆತ ಎಂಬುದು ಅದರ ಅರ್ಥ. ಹೆಸರು ಉದ್ದವಾಯಿತು, ಉಚ್ಚರಿಸಲು ಕಷ್ಟ. ಆದರೆ ಹಳೆಯ ಹೆಸರಿಗಿಂತ ಪ್ರಾಮಾಣಿಕವಾಗಿದೆ.

ಯುಎಸ್-64 ನೆನಪಿದೆಯೇ?

ಡಿವಿಡೆಂಡ್ ನೋಡಿ ಹಣ ಹಾಕುವ ಅಭ್ಯಾಸಕ್ಕೆ ಇತಿಹಾಸವಿದೆ. ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ 1964ರಲ್ಲಿ ಆರಂಭಿಸಿದ ಯುಎಸ್-64 ಯೋಜನೆಯ ಪತ್ರಗಳು ದೇಶದ ಲಕ್ಷಾಂತರ ಮಧ್ಯಮ ವರ್ಗದ ಮನೆಗಳಲ್ಲಿದ್ದವು. ಪ್ರತಿ ವರ್ಷ ಬರುತ್ತಿದ್ದ ಡಿವಿಡೆಂಡ್ ಅದರ ಮುಖ್ಯ ಆಕರ್ಷಣೆ. ಯೂನಿಟ್‌ನ ಮಾರಾಟ ಬೆಲೆಯನ್ನೂ ಮರುಖರೀದಿ ಬೆಲೆಯನ್ನೂ ಟ್ರಸ್ಟೇ ನಿಗದಿ ಮಾಡುತ್ತಿತ್ತು. ಒಳಗಿರುವ ಷೇರುಗಳ ನಿಜವಾದ ಮೌಲ್ಯ ಹೂಡಿಕೆದಾರರಿಗೆ ದಿನದಿನ ಕಾಣುತ್ತಿರಲಿಲ್ಲ. 2001ರ ಜುಲೈನಲ್ಲಿ ಯೂನಿಟ್‌ಗಳ ಮಾರಾಟ, ಮರುಖರೀದಿ ಎರಡನ್ನೂ ಆರು ತಿಂಗಳು ನಿಲ್ಲಿಸಿದಾಗ ದೇಶವೇ ಬೆಚ್ಚಿತು. ಕೊನೆಗೆ ಸರ್ಕಾರ ಮಧ್ಯೆ ಬರಬೇಕಾಯಿತು, 2003ರಲ್ಲಿ ಟ್ರಸ್ಟ್ ಎರಡು ಭಾಗವಾಯಿತು.

ಇಂದು ಫಂಡ್‌ಗಳು ಪ್ರತಿ ವ್ಯವಹಾರ ದಿನವೂ ಎನ್‌ಎವಿ ಪ್ರಕಟಿಸುವುದರಿಂದ ಅಂತಹ ಮರೆಮಾಚುವಿಕೆಗೆ ಅವಕಾಶವಿಲ್ಲ. ಆದರೂ ಮನಸ್ಸಿನ ಅಭ್ಯಾಸ ಬದಲಾಗಿಲ್ಲ. 2016–17ರ ಸುಮಾರಿಗೆ ಬ್ಯಾಲೆನ್ಸ್ಡ್ ಫಂಡ್‌ಗಳನ್ನು ತಿಂಗಳ ಪಿಂಚಣಿಯಂತೆ ಡಿವಿಡೆಂಡ್ ಬರುತ್ತದೆ ಎಂದು ಹೇಳಿ ಹಿರಿಯರಿಗೆ ಮಾರಲಾಯಿತು. ಡಿವಿಡೆಂಡ್ ಕೊಡಲೇಬೇಕೆಂಬ ಬಾಧ್ಯತೆ ಫಂಡ್‌ಗಿಲ್ಲ. ಹಂಚಲು ಹಣವಿದ್ದರೆ, ಟ್ರಸ್ಟಿಗಳು ಒಪ್ಪಿದರೆ ಮಾತ್ರ ಕೊಡುತ್ತಾರೆ. ಮಾರುಕಟ್ಟೆ ಇಳಿದ ವರ್ಷ ಅದು ಕಡಿಮೆಯಾಗಬಹುದು, ನಿಂತೂ ಹೋಗಬಹುದು.

ತೆರಿಗೆಯಲ್ಲಿ ಆಗುವ ವ್ಯತ್ಯಾಸ

2020ರ ಮಾರ್ಚ್‌ವರೆಗೆ ಡಿವಿಡೆಂಡ್ ತೆರಿಗೆಯನ್ನು ಫಂಡ್ ಸಂಸ್ಥೆಯೇ ಕಟ್ಟುತ್ತಿತ್ತು. ಅದೂ ಹೂಡಿಕೆದಾರರ ಹಣದಿಂದಲೇ, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪಡೆದವರ ಆದಾಯಕ್ಕೆ ಸೇರುತ್ತದೆ, ಅವರವರ ತೆರಿಗೆ ಹಂತಕ್ಕೆ ತಕ್ಕಂತೆ ತೆರಿಗೆ ಬೀಳುತ್ತದೆ. ಶೇ. 30ರ ಹಂತದಲ್ಲಿರುವವರು ಮೇಲಿನ 4,000 ರೂ.ಗೆ ಸೆಸ್ ಸೇರಿ 1,248 ರೂ. ಕಟ್ಟಬೇಕು. ಒಂದು ಫಂಡ್ ಸಂಸ್ಥೆಯಿಂದ ವರ್ಷಕ್ಕೆ 10,000 ರೂ. ಮೀರಿ ಡಿವಿಡೆಂಡ್ ಬಂದರೆ ಶೇ. 10ರಷ್ಟನ್ನು ಮೂಲದಲ್ಲೇ ಕಡಿತ ಮಾಡುತ್ತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 5,000 ರೂ. ಇತ್ತು.

ಈಗ ಅದೇ ಫಂಡ್‌ನ ಗ್ರೋತ್ ಆಯ್ಕೆಯನ್ನು ನೋಡಿ. ಇದರಲ್ಲಿ ಡಿವಿಡೆಂಡ್ ಇಲ್ಲ, ಗಳಿಕೆಯೆಲ್ಲ ಎನ್‌ಎವಿಯಲ್ಲೇ ಬೆಳೆಯುತ್ತದೆ. ಹಣ ಬೇಕಾದಾಗ ನೀವೇ ಕೆಲವು ಯೂನಿಟ್ ಮಾರುತ್ತೀರಿ. 1,000 ಯೂನಿಟ್‌ಗಳನ್ನು ಒಂದು ವರ್ಷಕ್ಕಿಂತ ಹಿಂದೆ ತಲಾ 40 ರೂ.ಗೆ ಕೊಂಡಿದ್ದೀರಿ, ಈಗ ಎನ್‌ಎವಿ 50. ನಿಮಗೆ 4,000 ರೂ. ಬೇಕು, 80 ಯೂನಿಟ್ ಮಾರುತ್ತೀರಿ. ಉಳಿದ 920 ಯೂನಿಟ್‌ಗಳ ಮೌಲ್ಯ 46,000 ರೂ. ಡಿವಿಡೆಂಡ್ ಪಡೆದಾಗ ಉಳಿದಷ್ಟೇ! ಆದರೆ ತೆರಿಗೆ ಲೆಕ್ಕಕ್ಕೆ ಬರುವುದು 4,000 ಅಲ್ಲ, ಯೂನಿಟ್‌ಗೆ 10 ರೂ.ನಂತೆ ಬಂದ 800 ರೂ. ಲಾಭ ಮಾತ್ರ. ಈಕ್ವಿಟಿ ಫಂಡ್‌ಗಳ ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ 1.25 ಲಕ್ಷ ರೂ.ವರೆಗೆ ತೆರಿಗೆಯಿಲ್ಲ, ಅದರ ಮೇಲೆ ಶೇ. 12.5. ಆ ಮಿತಿ ಮೀರಿದ್ದರೂ 800 ರೂ.ಗೆ ತೆರಿಗೆ 100 ರೂ., ಜೊತೆಗೆ ಸೆಸ್.

ಇದನ್ನೇ ಪ್ರತಿ ತಿಂಗಳು ತಾನಾಗಿ ನಡೆಯುವಂತೆ ಮಾಡುವ ವ್ಯವಸ್ಥೆಗೆ ಎಸ್‌ಡಬ್ಲ್ಯುಪಿ ಎನ್ನುತ್ತಾರೆ. ಮನೆಖರ್ಚಿಗೆ ತಿಂಗಳ ಹಣ ಬೇಕಿರುವ ಹಿರಿಯರಿಗೆ ಡಿವಿಡೆಂಡ್‌ಗಿಂತ ಇದು ವಾಸಿ. ಎಷ್ಟು ಬೇಕು, ಯಾವಾಗ ಬೇಕು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಆದರೆ ಫಂಡ್ ವರ್ಷಕ್ಕೆ ಶೇ. 8 ಬೆಳೆಯುತ್ತಿದ್ದು ನೀವು ಶೇ. 12 ತೆಗೆಯುತ್ತಿದ್ದರೆ ಅಸಲು ಕರಗುತ್ತದೆ. ಮಾರುಕಟ್ಟೆ ಕುಸಿದಾಗ ಅಷ್ಟೇ ಹಣಕ್ಕೆ ಹೆಚ್ಚು ಯೂನಿಟ್ ಹೋಗುತ್ತವೆ. ಆದ್ದರಿಂದ ಎರಡು ಮೂರು ವರ್ಷದ ಖರ್ಚಿನ ಹಣವನ್ನು ಈಕ್ವಿಟಿಯಿಂದ ಹೊರಗೆ, ಬ್ಯಾಂಕ್ ಠೇವಣಿಯಲ್ಲೋ ಲಿಕ್ವಿಡ್ ಫಂಡ್‌ನಲ್ಲೋ ಇಡುವುದು ಒಳ್ಳೆಯದು.

ಒಂದು ಅಪವಾದ ಹೇಳಲೇಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷ ರೂ.ವರೆಗಿದ್ದರೆ ರಿಯಾಯಿತಿಯಿಂದಾಗಿ ಡಿವಿಡೆಂಡ್‌ಗೆ ತೆರಿಗೆ ಬೀಳುವುದಿಲ್ಲ, ಷೇರು ಲಾಭದ ವಿಶೇಷ ದರಗಳಿಗೆ ಮಾತ್ರ ಆ ರಿಯಾಯಿತಿ ಅನ್ವಯಿಸದು. ಅಂತಹವರಿಗೆ ಡಿವಿಡೆಂಡ್‌ನಿಂದ ತೆರಿಗೆಯ ನಷ್ಟವಿಲ್ಲ. ಅದು ಖಾತ್ರಿಯ ಆದಾಯವಲ್ಲ ಎಂಬ ಮಾತು ಮಾತ್ರ ಅವರಿಗೂ ಅನ್ವಯಿಸುತ್ತದೆ.

ವಾರ್ಷಿಕ ಪ್ರತಿಫಲದ ಲೆಕ್ಕ

1 ಲಕ್ಷ ರೂ. 8 ವರ್ಷದಲ್ಲಿ 2 ಲಕ್ಷವಾಯಿತು. ಶೇ. 100 ಲಾಭ, 8ರಿಂದ ಭಾಗಿಸಿದರೆ ವರ್ಷಕ್ಕೆ ಶೇ. 12.5 ಎಂದು ಹೇಳುವವರಿದ್ದಾರೆ. ಇದು ಸರಿಯಲ್ಲ. ಗಳಿಕೆಯ ಮೇಲೂ ಗಳಿಕೆ ಸೇರುವುದರಿಂದ ಚಕ್ರಬಡ್ಡಿಯಂತೆ ಲೆಕ್ಕ ಹಾಕಬೇಕು. ಹಾಗೆ ನೋಡಿದರೆ ವಾರ್ಷಿಕ ಪ್ರತಿಫಲ ಸುಮಾರು ಶೇ. 9. ಇದನ್ನೇ ಸಿಎಜಿಆರ್ ಎನ್ನುವುದು. ಬಾಯಿಲೆಕ್ಕಕ್ಕೆ 72ರ ಸೂತ್ರ ಸಾಕು: ಹಣ ದುಪ್ಪಟ್ಟಾಗಲು ಹಿಡಿದ ವರ್ಷಗಳಿಂದ 72ನ್ನು ಭಾಗಿಸಿ.

ಸರಾಸರಿಯಂತೂ ಇನ್ನೂ ಮೋಸ. ಮೊದಲ ವರ್ಷ ಶೇ. 50 ಏರಿಕೆ, ಎರಡನೇ ವರ್ಷ ಶೇ. 40 ಇಳಿಕೆ ಎಂದಾದರೆ ಸರಾಸರಿ ಶೇ. 5 ಲಾಭ. ಕೈಯಲ್ಲಿರುವ ಹಣ? 1 ಲಕ್ಷ 1.5 ಲಕ್ಷವಾಗಿ, ಅದು 90,000ಕ್ಕೆ ಇಳಿದಿದೆ. ನಿಜವಾದ ವಾರ್ಷಿಕ ಲೆಕ್ಕ ಶೇ. 5ಕ್ಕಿಂತ ಹೆಚ್ಚು ನಷ್ಟ.

ಒಂದು ವರ್ಷದೊಳಗಿನ ಏರಿಕೆಯನ್ನು ವರ್ಷಕ್ಕೆ ಹಿಗ್ಗಿಸಿ ಹೇಳುವುದನ್ನೂ ನಂಬಬೇಡಿ. ಮೂರು ತಿಂಗಳಲ್ಲಿ ಶೇ. 4 ಬಂದ ಈಕ್ವಿಟಿ ಫಂಡ್ ವರ್ಷಕ್ಕೆ ಶೇ. 16 ಕೊಡುತ್ತದೆ ಎಂದೇನಿಲ್ಲ.

ಎಸ್‌ಐಪಿ ಮಾಡುವವರಿಗೆ ಬೇರೆ ಲೆಕ್ಕ ಬೇಕು. ತಿಂಗಳಿಗೆ 10,000ದಂತೆ ಒಂದು ವರ್ಷ ಕಟ್ಟಿದ 1,20,000 ರೂ. ವರ್ಷದ ಕೊನೆಗೆ 1,27,000 ಆಗಿದ್ದರೆ, ಶೇ. 6 ಕೂಡ ಬರಲಿಲ್ಲ ಎಂದು ಬೇಸರಪಡುವವರಿದ್ದಾರೆ. ಆದರೆ ಮೊದಲ ಕಂತು ಮಾತ್ರ ಪೂರ್ತಿ ವರ್ಷ ದುಡಿದಿದೆ, ಕೊನೆಯ ಕಂತು ಒಂದೇ ತಿಂಗಳು. ಪ್ರತಿ ಕಂತಿನ ದಿನಾಂಕವನ್ನೂ ಗಣಿಸುವ ಎಕ್ಸ್‌ಐಆರ್‌ಆರ್ ಲೆಕ್ಕದಲ್ಲಿ ಇದು ಸುಮಾರು ಶೇ. 11.

ಡಿವಿಡೆಂಡ್ ಪಡೆದವರೂ ಈ ಲೆಕ್ಕವನ್ನೇ ಬಳಸಬೇಕು. 20 ರೂ.ಗೆ ಕೊಂಡ ಯೂನಿಟ್ 4 ವರ್ಷದ ನಂತರ 22 ರೂ. ಇದೆ, ಮಧ್ಯೆ ಪ್ರತಿ ವರ್ಷದ ಕೊನೆಗೆ 1.50 ರೂ. ಡಿವಿಡೆಂಡ್ ಬಂದಿದೆ ಎನ್ನೋಣ. ಎನ್‌ಎವಿ ಮಾತ್ರ ನೋಡಿದರೆ ವರ್ಷಕ್ಕೆ ಶೇ. 2.4, ಡಿವಿಡೆಂಡ್ ಸೇರಿಸಿದರೆ ತೆರಿಗೆಗೆ ಮುಂಚೆ ಸುಮಾರು ಶೇ. 9.7. ಅದೇ ಯೋಜನೆಯ ಗ್ರೋತ್ ಎನ್‌ಎವಿ 120 ಇದ್ದು ಡಿವಿಡೆಂಡ್ ಎನ್‌ಎವಿ 22 ಇದ್ದರೆ ಎರಡನೆಯದು ಅಗ್ಗವೆಂದಲ್ಲ. ಅದರಿಂದ ಹಣ ಹೊರಗೆ ಹೋಗಿದೆ, ಅಷ್ಟೇ. ಫಂಡನ್ನು ಸೂಚ್ಯಂಕದೊಂದಿಗೆ ಹೋಲಿಸುವಾಗಲೂ ಕಂಪನಿಗಳ ಡಿವಿಡೆಂಡ್ ಸೇರಿಸಿದ ಸೂಚ್ಯಂಕವನ್ನೇ ಬಳಸಬೇಕೆಂದು 2018ರಿಂದ ಸೆಬಿ ನಿಯಮ ಮಾಡಿದೆ.

ಈಗಾಗಲೇ ಡಿವಿಡೆಂಡ್ ಆಯ್ಕೆಯಲ್ಲಿರುವವರು ಗ್ರೋತ್‌ಗೆ ಬದಲಾಯಿಸಲು ಫಂಡ್ ಕಚೇರಿಯಲ್ಲೋ ಆನ್‌ಲೈನ್‌ನಲ್ಲೋ ಅರ್ಜಿ ಕೊಡಬಹುದು. ಯೋಜನೆ ಅದೇ ಆಗಿದ್ದರೂ ತೆರಿಗೆ ಲೆಕ್ಕದಲ್ಲಿ ಇದು ಹಳೆಯ ಯೂನಿಟ್ ಮಾರಿ ಹೊಸದನ್ನು ಕೊಂಡಂತೆ. ಲಾಭವಿದ್ದರೆ ತೆರಿಗೆ ಬರುತ್ತದೆ, ಹೊಸ ಯೂನಿಟ್‌ಗಳ ಅವಧಿ ಅಂದಿನಿಂದ ಶುರುವಾಗುತ್ತದೆ. ಲಾಭ ದೊಡ್ಡದಾಗಿದ್ದರೆ 1.25 ಲಕ್ಷ ರೂ.ಗಳ ಮಿತಿಯೊಳಗೆ ಬರುವಷ್ಟನ್ನು ಮಾರ್ಚ್‌ಗೆ ಮೊದಲು, ಉಳಿದದ್ದನ್ನು ಏಪ್ರಿಲ್ ನಂತರ ಬದಲಾಯಿಸುವುದು ಲಾಭಕರ.