ನಾಚಿಕೆ ಯಾರದ್ದು? ವೆಂಕಟಲಕ್ಷಮ್ಮ ಮತ್ತು ಮೈಸೂರಿನ ನೃತ್ಯ

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಮದುವೆ ಮನೆಯಲ್ಲಿ ಡಿಜೆ ಹಾಕಿರ್ತಾರೆ, 'ಬಾ, ಬಾ' ಅಂತ ಯಾರೋ ಕೈ ಹಿಡಿದು ಎಳೀತಾರೆ. ಆಗ ನಿಮಗೆ ನಾಚಿಕೆ ಆಗುತ್ತಾ? ನನಗಂತೂ ತುಂಬಾ ಆಗುತ್ತೆ. ಇವತ್ತಿನ ಕತೆ ಆ ನಾಚಿಕೆಯದ್ದೇ.

1906. ಕಡೂರು ಕಡೆಯ ಒಂದು ಲಂಬಾಣಿ ತಾಂಡಾದಲ್ಲಿ ವೆಂಕಟಲಕ್ಷಮ್ಮ ಹುಟ್ಟಿದರು. ಮೂರು ವರ್ಷದ ನಂತರ, 1909ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಚಿಕ್ಕ ಹುಡುಗಿಯರನ್ನು ದೇವರ ಹೆಸರಲ್ಲಿ ಬಿಟ್ಟು ಶೋಷಣೆ ಮಾಡೋದು ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯ ಮೇಲಿನ ಸಿಟ್ಟು ಕುಣಿಯೋ ಹೆಂಗಸಿನ ಮೇಲೂ ತಿರುಗಿತು. ನಾನು ಓದಿದ್ದು ಬಿ.ಕಾಂ, ಹಾಗಾಗಿ ಹೀಗೆ ಹೇಳ್ತೀನಿ: ಸಂತೋಷಪಟ್ಟವರು ಇನ್ಯಾರೋ, ನಾಚಿಕೆ ಮಾತ್ರ ಪೂರ್ತಿ ಅವಳ ಖಾತೆಗೆ ಬಿತ್ತು.

ಅಂಥ ಕಾಲದಲ್ಲಿ, ಎಂಟನೇ ವಯಸ್ಸಿಗೆ, ವೆಂಕಟಲಕ್ಷಮ್ಮ ಮೈಸೂರಲ್ಲಿ ಜಟ್ಟಿ ತಾಯಮ್ಮನವರ ಹತ್ತಿರ ಕಲಿಯೋಕೆ ಸೇರಿದರು. ತಾಯಮ್ಮ ಅರಮನೆಯ ನರ್ತಕಿ, ಪೈಲ್ವಾನರ ಮನೆಯ ಮಗಳು. ಅಮರುಶತಕದ ಶ್ಲೋಕ, ಜಯದೇವನ ಅಷ್ಟಪದಿ, ಕ್ಷೇತ್ರಯ್ಯನ ಪದ, ಇವೇ ಅಲ್ಲಿನ ಪಾಠ.

ಮೈಸೂರು ಶೈಲಿಯಲ್ಲಿ ಅಭಿನಯಕ್ಕೆ ಬೆಲೆ ಜಾಸ್ತಿ. ಹಾಡುವವರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡ್ತಾರೆ. ನರ್ತಕಿ ಪ್ರತಿ ಸಲ ಅದರೊಳಗಿನ ಬೇರೆ ಭಾವ ತೋರಿಸಬೇಕು. 'ಅವನು ಬರಲಿಲ್ಲ' ಅನ್ನೋ ಮಾತು ಅಂದ್ಕೊಳ್ಳಿ. ಮೊದಲ ಸಲ ಬಾಗಿಲ ಕಡೆ ನೋಟ. ಎರಡನೇ ಸಲ ಸಿಟ್ಟು. ಮೂರನೇ ಸಲ, ಗೆಳತಿಗೆ ಗೊತ್ತಾಗಬಾರದು ಅಂತ ಒಂದು ಸಣ್ಣ ನಗು. ಭರತನ ನಾಟ್ಯಶಾಸ್ತ್ರ ಇಂಥ ಬಂದು ಹೋಗುವ ಭಾವಗಳನ್ನು 33 ಅಂತ ಎಣಿಸುತ್ತೆ. ಅದರಲ್ಲಿ ಒಂದು ವ್ರೀಡಾ. ಅಂದರೆ, ನಾಚಿಕೆ!

ಸ್ವಲ್ಪ ಯೋಚನೆ ಮಾಡಿ. ಊರು ಹೊರಿಸಿದ ನಾಚಿಕೆ ಅಷ್ಟು ಸುಲಭವಾಗಿ ಇಳಿಯೋದಿಲ್ಲ. ಆದರೆ ಅಭಿನಯದಲ್ಲಿ ನಾಚಿಕೆಯನ್ನು ಯಾವಾಗ ಕಣ್ಣಿಗೆ ತರಬೇಕು, ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಯಾವಾಗ ಬಿಡಬೇಕು, ಎಲ್ಲಾ ನರ್ತಕಿಯ ಕೈಯಲ್ಲೇ. ಅಷ್ಟು ಹೊತ್ತಾದರೂ ಅವಳ ಮನಸ್ಸಿಗೆ ಅವಳೇ ಒಡತಿ. ನೃತ್ಯ ಅಂದರೆ ಇದೇ ಇರಬೇಕು ಅಂತ ನನಗನ್ನಿಸುತ್ತೆ.

1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೆಂಕಟಲಕ್ಷಮ್ಮನವರನ್ನು ಆಸ್ಥಾನ ವಿದುಷಿ ಮಾಡಿದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಅಲ್ಲಿ ಪಾಠ ಹೇಳಿದರು. ಜನ ಮೂಗು ಮುರೀತಿದ್ದ ವಿದ್ಯೆ ಕಾಲೇಜಿನ ಸಬ್ಜೆಕ್ಟ್ ಆಯ್ತು! 1992ರಲ್ಲಿ ಪದ್ಮಭೂಷಣ ಬಂತು. 2002ರಲ್ಲಿ ತೀರಿಕೊಂಡರು.

ಮುಂದಿನ ಮದುವೆಯಲ್ಲಿ ಯಾರಾದ್ರೂ ಕೈ ಹಿಡಿದು ಎಳೆದರೆ ಒಂದು ಕ್ಷಣ ಕೇಳ್ಕೊಳ್ಳಿ: ಈ ನಾಚಿಕೆ ನನ್ನದಾ, ಬೇರೆಯವರು ಕೊಟ್ಟದ್ದಾ? ನಾನೂ ಕೇಳ್ಕೊಳ್ತೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.