ಕೆನಡಾ ವಲಸೆ ಅರ್ಜಿ: ಆನ್‌ಲೈನ್ ವ್ಯವಸ್ಥೆ ಕೈಕೊಟ್ಟರೆ ಏನು ಮಾಡಬೇಕು?

ಪರವೂರಿನ ದುಡಿಮೆ ನಮ್ಮ ಕರಾವಳಿಯ ಕುಟುಂಬಗಳಿಗೆ ಹೊಸದಲ್ಲ. ಮೊದಲು ಮುಂಬಯಿ, ಆ ಬಳಿಕ ಗಲ್ಫ್ ರಾಷ್ಟ್ರಗಳು, ಈಗ ಅನೇಕ ಯುವಜನರ ಕಣ್ಣು ಕೆನಡಾದತ್ತ. ಜ್ಞಾನಸ್ನಾನದ ಪ್ರಮಾಣಪತ್ರ, ಮದುವೆಯ ಪ್ರಮಾಣಪತ್ರ ಕೇಳಿಕೊಂಡು ಇಗರ್ಜಿಯ ಕಚೇರಿಗೆ ಬರುವವರಲ್ಲಿ ಇಂಥವರೂ ಇದ್ದಾರೆ. ಕುಶಲ ಕೆಲಸಗಾರರ ಅರ್ಜಿ ಇಂದು ಸಂಪೂರ್ಣವಾಗಿ ಕಂಪ್ಯೂಟರಿನ ಮೂಲಕವೇ ಸಾಗುತ್ತದೆ. ವರ್ಷಗಟ್ಟಲೆ ಸಿದ್ಧತೆ ಮಾಡಿದವರು ಕೊನೆಯ ಹಂತದಲ್ಲಿ ಪರದೆಯ ಮೇಲೆ ಬರುವ ಒಂದು ದೋಷ ಸಂದೇಶದಿಂದ ಕಂಗೆಡುತ್ತಾರೆ. ಅಂಥವರಿಗೂ, ಅವರಿಗೆ ನೆರವಾಗುವ ವಾಳೆಯ ಗುರಿಕಾರರಿಗೂ, ಕಚೇರಿಯ ಸಿಬ್ಬಂದಿಗೂ ಉಪಯೋಗವಾಗಲೆಂದು ಕೆಲವು ವಿಷಯಗಳನ್ನು ಇಲ್ಲಿ ನೀಡುತ್ತಿದ್ದೇವೆ.

ಎಕ್ಸ್‌ಪ್ರೆಸ್ ಎಂಟ್ರಿ ಎಂದರೇನು?

2015ರ ಜನವರಿಯಲ್ಲಿ ಕೆನಡಾ ಸರಕಾರವು ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ಇದರಲ್ಲಿ ಎರಡು ಹಂತಗಳಿವೆ. ಮೊದಲು ವಯಸ್ಸು, ವಿದ್ಯೆ, ಭಾಷಾಜ್ಞಾನ, ಕೆಲಸದ ಅನುಭವ ಮುಂತಾದ ವಿವರಗಳ ಪ್ರೊಫೈಲ್ ತುಂಬಬೇಕು. ಅದು 12 ತಿಂಗಳು ಊರ್ಜಿತದಲ್ಲಿರುತ್ತದೆ. ಅಂಕಗಳು ಸಾಕಷ್ಟಿದ್ದರೆ ಅರ್ಜಿ ಸಲ್ಲಿಸಲು ಆಹ್ವಾನ ಬರುತ್ತದೆ. ಆಹ್ವಾನ ಬಂದ ದಿನದಿಂದ 60 ದಿನಗಳೊಳಗೆ ಎಲ್ಲ ದಾಖಲೆಗಳೊಂದಿಗೆ ಪೂರ್ಣ ಅರ್ಜಿ ಸಲ್ಲಿಸಿ ಶುಲ್ಕ ಕಟ್ಟಬೇಕು. ಅವಧಿ ಮೀರಿದರೆ ಆಹ್ವಾನ ರದ್ದಾಗುತ್ತದೆ. ಹೊಸ ಪ್ರೊಫೈಲ್ ಮಾಡಿ ಮತ್ತೆ ಕಾಯಬೇಕು. ಅಷ್ಟರಲ್ಲಿ ವಯಸ್ಸಿನ ಅಂಕ ಇಳಿಯಬಹುದು. ಎರಡು ವರ್ಷ ಮಾತ್ರ ಊರ್ಜಿತವಿರುವ ಭಾಷಾ ಪರೀಕ್ಷೆಯ ಫಲಿತಾಂಶದ ಅವಧಿಯೂ ಮುಗಿಯಬಹುದು.

ಹೀಗಾಗಿ ದೋಷ ಸಂದೇಶಕ್ಕಿಂತ ಹೆಚ್ಚು ಅಪಾಯಕಾರಿಯಾದುದು ಕೊನೆಯ ದಿನದವರೆಗೆ ಕಾಯುವ ಅಭ್ಯಾಸ. 60 ದಿನಗಳಿದ್ದರೂ 45ನೆಯ ದಿನವೇ ಕೊನೆಯ ದಿನವೆಂದು ಎಣಿಸಿ ಕೆಲಸ ಮುಗಿಸುವುದು ಲೇಸು. ಒಟ್ಟಾವದ ಗಡಿಯಾರವು ನಮ್ಮದಕ್ಕಿಂತ ಒಂಬತ್ತೂವರೆ ಅಥವಾ ಹತ್ತೂವರೆ ತಾಸು ಹಿಂದಿದೆ ನಿಜ. ಆದರೆ ಆ ತಾಸುಗಳನ್ನು ನಂಬಿ ಕೂರಬಾರದು.

ದೋಷ ಯಾರದು?

ಮೊದಲು ಕಂಡುಕೊಳ್ಳಬೇಕಾದುದು ದೋಷವು ವ್ಯವಸ್ಥೆಯದೋ, ನಾವು ತುಂಬಿದ ವಿವರಗಳದೋ ಎಂಬುದನ್ನು. ಪುಟವೇ ತೆರೆಯದಿದ್ದರೆ, ಗುಂಡಿ ಒತ್ತಿದರೂ ಮುಂದೆ ಹೋಗದಿದ್ದರೆ ಬೇರೆ ಬ್ರೌಸರಿನಲ್ಲಿ, ಬೇರೆ ಕಂಪ್ಯೂಟರಿನಲ್ಲಿ ನೋಡಿರಿ. ಬ್ರೌಸರಿನಲ್ಲಿ ಉಳಿದಿರುವ ಹಳೆಯ ಮಾಹಿತಿಯನ್ನು ಅಳಿಸಿ ಮತ್ತೆ ಪ್ರಯತ್ನಿಸಿರಿ. ಮೊಬೈಲ್ ಫೋನಿನಲ್ಲಿ ಅರ್ಜಿ ತುಂಬುವುದನ್ನು ಬಿಡಿರಿ. ಒಂದೊಂದು ಭಾಗ ಮುಗಿದಂತೆ ಉಳಿಸಿಕೊಳ್ಳಿರಿ. ಎಲ್ಲ ಕಡೆಯೂ ಅದೇ ಸಂದೇಶ ಬಂದರೆ ದೋಷವು ವ್ಯವಸ್ಥೆಯದೆಂದು ತಿಳಿಯಬಹುದು. ಆದರೆ ಈ ಕೆಳಗಿನ ಸಂದರ್ಭಗಳಲ್ಲಿ ಪರಿಹಾರ ನಮ್ಮ ಕೈಯಲ್ಲೇ ಇದೆ.

1. ಅರ್ಹರಲ್ಲ ಎಂಬ ಉತ್ತರ: ಅರ್ಹತೆ ಇದ್ದರೂ ಒಂದು ತಪ್ಪು ಉತ್ತರದಿಂದ ಹೀಗಾಗುತ್ತದೆ. 2022ರ ನವೆಂಬರ್ 16ರಿಂದ ಉದ್ಯೋಗಗಳಿಗೆ ಐದು ಅಂಕಿಗಳ ಹೊಸ ಸಂಕೇತ ಸಂಖ್ಯೆ ಬಳಕೆಯಲ್ಲಿದೆ. ಹಳೆಯ ನಾಲ್ಕು ಅಂಕಿಗಳ ಸಂಖ್ಯೆ ನಡೆಯದು. ವಿದೇಶದ ಅನುಭವದ ಮೇಲೆ ಕುಶಲ ಕೆಲಸಗಾರರಾಗಿ ಅರ್ಜಿ ಹಾಕುವವರಿಗೆ ಕಳೆದ 10 ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಎಡೆಬಿಡದ ಕೆಲಸದ ಅನುಭವ ಬೇಕು. ಕೆಲಸದ ಆರಂಭ ಮತ್ತು ಅಂತ್ಯದ ತಿಂಗಳು, ಬ್ಯಾಂಕಿನಲ್ಲಿರುವ ಹಣದ ಮೊತ್ತ, ಭಾಷಾ ಪರೀಕ್ಷೆಯ ಅಂಕಗಳು, ಇವನ್ನು ಒಂದೊಂದಾಗಿ ಪರಿಶೀಲಿಸಿರಿ. ಇರಬೇಕಾದ ಹಣದ ಮೊತ್ತವನ್ನು ಸರಕಾರ ಪ್ರತಿವರ್ಷ ಪರಿಷ್ಕರಿಸುತ್ತದೆ ಎಂಬುದೂ ನೆನಪಿರಲಿ.

2. ಹೆಸರಿನ ತೊಡಕು: ಜ್ಞಾನಸ್ನಾನದ ದಾಖಲೆಯಲ್ಲಿ ಒಂದು, ಶಾಲೆಯ ಅಂಕಪಟ್ಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಹೆಸರಿರುವುದು ನಮ್ಮಲ್ಲಿ ಸಾಮಾನ್ಯ. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಬೇಕು. ಉಳಿದವನ್ನು ಬೇರೆ ಹೆಸರುಗಳ ಪ್ರಶ್ನೆಗೆ ಉತ್ತರವಾಗಿ ತಿಳಿಸಬೇಕು. ಪಾಸ್‌ಪೋರ್ಟಿನಲ್ಲಿ ಕುಲನಾಮ ಇಲ್ಲದಿದ್ದರೆ ಪೂರ್ತಿ ಹೆಸರನ್ನು ಕುಲನಾಮದ ಜಾಗದಲ್ಲಿ ಬರೆದು, ಇನ್ನೊಂದು ಜಾಗವನ್ನು ಖಾಲಿ ಬಿಡಬೇಕು.

3. ದಾಖಲೆ ಏರದಿರುವುದು: ಒಂದು ಕಡತ 4 ಎಂ.ಬಿ.ಗಿಂತ ದೊಡ್ಡದಿರಬಾರದು. ಒಂದೇ ಜಾಗಕ್ಕೆ ಹಲವು ಪುಟಗಳಿದ್ದರೆ ಅವನ್ನು ಒಂದೇ ಪಿಡಿಎಫ್ ಮಾಡಬೇಕು. ನಮ್ಮ ಬ್ಯಾಂಕುಗಳು ಇ-ಮೇಲಿನಲ್ಲಿ ಕಳಿಸುವ ಖಾತೆ ವಿವರಗಳಿಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಇರುತ್ತದೆ. ಅಂಥ ಕಡತವನ್ನು ತೆರೆದು ಪಾಸ್‌ವರ್ಡ್ ಇಲ್ಲದ ಪ್ರತಿ ಮಾಡಿಕೊಳ್ಳಬೇಕು. ಕಡತದ ಹೆಸರು ಚಿಕ್ಕದಾಗಿ, ವಿಶೇಷ ಚಿಹ್ನೆಗಳಿಲ್ಲದೆ ಇರಲಿ. ಯಾವುದಾದರೂ ದಾಖಲೆಗೆ ಜಾಗವೇ ಇಲ್ಲದಿದ್ದರೆ ವಿವರಣೆ ಪತ್ರದ ಜಾಗದಲ್ಲಿ ಸೇರಿಸಬಹುದು.

4. ಹಣ ಪಾವತಿ: 2020ರಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಬಂದ ಬಳಿಕ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟನ್ನು ನಾವಾಗಿಯೇ ತೆರೆಯಬೇಕಾಗುತ್ತದೆ. ಮಿತಿಯನ್ನೂ ಮೊದಲೇ ಏರಿಸಿಡಿರಿ. ಹಣ ಕಡಿತವಾಗಿಯೂ ರಸೀದಿ ಬರದಿದ್ದರೆ ಅವಸರದಿಂದ ಮತ್ತೆ ಪಾವತಿಸಬೇಡಿರಿ. ಮೊದಲು ಬ್ಯಾಂಕ್ ಖಾತೆಯನ್ನೂ ಅರ್ಜಿಯ ಖಾತೆಯನ್ನೂ ನೋಡಿರಿ.

ಸುಳ್ಳು ತುಂಬಿ ದಾಟಬಾರದು

ಅತಿ ಮುಖ್ಯವಾದ ಮಾತು ಇದು. ಅರ್ಜಿದಾರರು ಕಳೆದ 10 ವರ್ಷಗಳಲ್ಲಿ ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬುದನ್ನು ನಡುವೆ ತೆರಪಿಲ್ಲದೆ ತಿಳಿಸಬೇಕು. ಗಲ್ಫಿನಿಂದ ಮರಳಿ ಊರಿನಲ್ಲಿ ನಾಲ್ಕು ತಿಂಗಳು ಕೆಲಸವಿಲ್ಲದೆ ಇದ್ದವರಿಗೆ ಇಲ್ಲಿ ದೋಷ ಸಂದೇಶ ಬರುತ್ತದೆ. ಆಗ ಹಳೆಯ ಕೆಲಸದ ದಿನಾಂಕವನ್ನು ಮುಂದಕ್ಕೆ ಎಳೆದು ತೆರಪು ಮುಚ್ಚುವವರಿದ್ದಾರೆ. ಇದು ಸಲ್ಲದು. ಕೆಲಸವಿರಲಿಲ್ಲವೆಂದೇ ಬರೆಯಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೆನಡಾದ ವಲಸೆ ಕಾನೂನಿನ 40ನೆಯ ಕಲಮಿನ ಪ್ರಕಾರ ತಪ್ಪು ಮಾಹಿತಿ ನೀಡಿದವರು 5 ವರ್ಷ ಅನರ್ಹರಾಗುತ್ತಾರೆ. ವ್ಯವಸ್ಥೆಯ ದೋಷಕ್ಕೆ ವಿವರಣೆ ಕೊಡಬಹುದು. ಸುಳ್ಳಿಗೆ ಹಾಗೆ ಸುಲಭದ ದಾರಿಯಿಲ್ಲ.

ಪೊಲೀಸ್ ಪ್ರಮಾಣಪತ್ರದ ವಿಷಯವೂ ಹೀಗೆಯೇ. 18 ವರ್ಷ ತುಂಬಿದ ಬಳಿಕ, ಕಳೆದ 10 ವರ್ಷಗಳಲ್ಲಿ ಎಡೆಬಿಡದೆ 6 ತಿಂಗಳು ಅಥವಾ ಹೆಚ್ಚು ಕಾಲ ಇದ್ದ ಪ್ರತಿಯೊಂದು ದೇಶದಿಂದಲೂ ಅದು ಬೇಕು. ಸಮಯಕ್ಕೆ ಸಿಗದಿದ್ದರೆ ಆ ಜಾಗದಲ್ಲಿ ಖಾಲಿ ಹಾಳೆ ಏರಿಸಬಾರದು. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ ಪುರಾವೆ ಮತ್ತು ತಡವಾದುದಕ್ಕೆ ಕಾರಣ ತಿಳಿಸುವ ಪತ್ರವನ್ನು ಏರಿಸಬೇಕು. ಹಾಗೆ ಮಾಡಿದರೂ ಅಧಿಕಾರಿ ಒಪ್ಪಿಯೇ ತೀರುವರೆಂಬ ಖಾತ್ರಿ ಇಲ್ಲ. ಆದುದರಿಂದ ಗಲ್ಫಿನಲ್ಲಿದ್ದವರು ಆಹ್ವಾನ ಬರುವ ಮೊದಲೇ ಈ ಕೆಲಸ ಆರಂಭಿಸಲಿ. 2025ರ ಆಗಸ್ಟ್ 21ರಿಂದ ವೈದ್ಯಕೀಯ ತಪಾಸಣೆಯನ್ನೂ ಅರ್ಜಿಗೆ ಮೊದಲೇ ಮುಗಿಸಬೇಕಾಗಿದೆ.

ದೋಷಕ್ಕೆ ಸಾಕ್ಷಿ ಇರಲಿ

ವ್ಯವಸ್ಥೆಯೇ ಕೈಕೊಟ್ಟಾಗ ಸಂದೇಶ ಕಾಣುವಂತೆ ಪೂರ್ತಿ ಪರದೆಯ ಚಿತ್ರ ತೆಗೆದಿಡಿರಿ. ದಿನಾಂಕ, ಗಂಟೆ, ಯಾವ ಪುಟ, ಯಾವ ಬ್ರೌಸರ್ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಬಳಿಕ ಕೆನಡಾ ವಲಸೆ ಇಲಾಖೆಯ ಜಾಲತಾಣದಲ್ಲಿರುವ ವೆಬ್ ಫಾರ್ಮ್ ಮೂಲಕ ತಾಂತ್ರಿಕ ತೊಂದರೆಯನ್ನು ವರದಿ ಮಾಡಿ, ಚಿತ್ರಗಳನ್ನು ಲಗತ್ತಿಸಿರಿ. ಪ್ರೊಫೈಲ್ ಸಂಖ್ಯೆ, ಪಾಸ್‌ಪೋರ್ಟಿನಲ್ಲಿರುವ ಹೆಸರು, ಅವಧಿ ಮುಗಿಯುವ ದಿನ, ಇಷ್ಟನ್ನು ನಾಲ್ಕು ಸಾಲುಗಳಲ್ಲಿ ಬರೆದರೆ ಸಾಕು. ವರದಿ ಮಾಡಿದ ಮಾತ್ರಕ್ಕೆ 60 ದಿನಗಳ ಗಡುವು ನಿಲ್ಲುವುದಿಲ್ಲ, ಪ್ರಯತ್ನ ಮುಂದುವರಿಯಲಿ.

ಈ ಸಾಕ್ಷಿ ಮುಂದೆಯೂ ಬೇಕಾಗಬಹುದು. ಅರ್ಜಿ ತಿರಸ್ಕೃತವಾದರೆ ಕೆನಡಾದ ಫೆಡರಲ್ ನ್ಯಾಯಾಲಯದ ಅನುಮತಿ ಕೇಳಿ ಮರುಪರಿಶೀಲನೆಗೆ ಹೋಗಬಹುದು. ಕೆನಡಾದೊಳಗೆ ಉದ್ಭವಿಸಿದ ವಿಷಯಕ್ಕೆ 15 ದಿನ, ಹೊರಗಿನದಕ್ಕೆ 60 ದಿನಗಳ ಗಡುವು ಇದೆ. ನ್ಯಾಯಾಲಯ ಸಾಮಾನ್ಯವಾಗಿ ನೋಡುವುದು ಅಧಿಕಾರಿಯ ಮುಂದಿದ್ದ ದಾಖಲೆಗಳನ್ನೇ. ಮನೆಯ ಕಂಪ್ಯೂಟರಿನಲ್ಲೇ ಉಳಿದ ಚಿತ್ರಕ್ಕಿಂತ ಇಲಾಖೆಗೆ ಆಗಲೇ ಕಳಿಸಿದ ಚಿತ್ರಕ್ಕೆ ಬೆಲೆ ಹೆಚ್ಚು.

ಏಜೆಂಟರ ಬಗ್ಗೆ ಎಚ್ಚರ

ಹಣ ಪಡೆದು ಅರ್ಜಿದಾರರ ಪರವಾಗಿ ವ್ಯವಹರಿಸುವ ಅಧಿಕಾರ ಇರುವುದು ಕೆನಡಾದ ವಕೀಲರ ಸಂಘಗಳ ಸದಸ್ಯರಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮತ್ತು 2021ರಲ್ಲಿ ಕಾರ್ಯಾರಂಭ ಮಾಡಿದ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಪಡೆದವರಿಗೆ ಮಾತ್ರ. ಸರ್ವರ್ ಹಾಳಾಗಿದೆ, ಇನ್ನಷ್ಟು ಹಣ ಕೊಟ್ಟರೆ ಒಳಗಿನಿಂದ ಸರಿಮಾಡಿಸುತ್ತೇವೆ ಎನ್ನುವವರ ಮಾತನ್ನು ನಂಬದಿರಿ. ಯಾರೇ ತುಂಬಿದರೂ ಅರ್ಜಿಯ ಹೊಣೆ ಅರ್ಜಿದಾರರದೇ. ನಿಮ್ಮ ಸ್ವಂತ ಖಾತೆಯ ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ, ಸಲ್ಲಿಸುವ ಮೊದಲು ಪ್ರತಿ ಪುಟವನ್ನೂ ನೀವೇ ಓದಿರಿ.

ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರ ಮತ್ತು ಹಣದ ರಸೀದಿಯನ್ನು ಇಳಿಸಿಕೊಂಡು ಮುದ್ರಿಸಿಡಿರಿ. ಆ ಮೇಲೆ ಯಾವುದಾದರೂ ತಪ್ಪು ಕಣ್ಣಿಗೆ ಬಿದ್ದರೆ ಅಧಿಕಾರಿ ಕೇಳುವ ಮೊದಲೇ ವೆಬ್ ಫಾರ್ಮ್ ಮೂಲಕ ತಿಳಿಸಿರಿ. ಅರ್ಜಿ ಹಾಕುವ ನಮ್ಮ ಯುವಜನರಲ್ಲಿ ಎಲ್ಲರಿಗೂ ಕಂಪ್ಯೂಟರ್ ಬಲ್ಲವರು ಮನೆಯಲ್ಲಿ ಇರುವುದಿಲ್ಲ. ತಿಳಿದವರು ಅಂಥವರ ಪಕ್ಕದಲ್ಲಿ ಒಂದು ಸಂಜೆ ಕುಳಿತು ಕಡತಗಳನ್ನು ಸರಿಪಡಿಸಿಕೊಟ್ಟರೆ ಅದೇ ದೊಡ್ಡ ಉಪಕಾರವಾದೀತು.