ಮುಖಪುಟದ ಸಮರ, ಒಳಪುಟದ ಸಂದೇಹ: ಇರಾಕ್ ಯುದ್ಧದ ಸಮರ್ಥನೆ, ಪತ್ರಿಕೆಗಳು ಮತ್ತು ರಾಜಕೀಯ ಅಭಿಪ್ರಾಯ (2002–2016)

ಪೀಠಿಕೆ

2003ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ ಇರಾಕ್ ಮೇಲೆ ಯುದ್ಧ ಸಾರಲು ಕೊಟ್ಟ ಮುಖ್ಯ ಕಾರಣ, ಸದ್ದಾಂ ಹುಸೇನರ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂಬುದು. ಅಂಥ ಅಸ್ತ್ರಗಳ ದಾಸ್ತಾನು ಅಲ್ಲಿರಲಿಲ್ಲ ಎಂದು ಅಮೆರಿಕವೇ ನೇಮಿಸಿದ ಶೋಧ ತಂಡ 2004ರ ಡ್ಯೂಲ್ಫರ್ ವರದಿಯಲ್ಲಿ ತಿಳಿಸಿತು. ಪತ್ರಿಕೆಗಳ ಹೊಣೆಯ ಬಗ್ಗೆ ಅಂದಿನಿಂದ ಎರಡು ವಾದಗಳು ಬಲವಾಗಿವೆ. ಮಾಧ್ಯಮಗಳು ಸರ್ಕಾರದ ತುತ್ತೂರಿ ಊದಿದವು ಎಂದು ಯುದ್ಧವಿರೋಧಿಗಳು ದೂರುತ್ತಾರೆ. ಗುಪ್ತಚರ ಸಂಸ್ಥೆಗಳೇ ಎಡವಿದಾಗ ವರದಿಗಾರರನ್ನು ದೂಷಿಸಿ ಫಲವೇನು ಎಂದು ಯುದ್ಧದ ಸಮರ್ಥಕರು ಕೇಳುತ್ತಾರೆ. ಅಂದಿನ ಪತ್ರಿಕೆಗಳ ಪುಟಗಳನ್ನು ನೋಡಿದರೆ ಈ ಎರಡೂ ವಾದಗಳು ಸಾಲವು. ಸಂದೇಹಗಳು ಆಗಲೇ ಅಚ್ಚಾಗಿದ್ದವು. ಆದರೆ ಓದುಗರ ಕಣ್ಣಿಗೆ ಬೀಳುವ ಜಾಗ ಅವಕ್ಕೆ ಸಿಗಲಿಲ್ಲ.

ಅಲ್ಯೂಮಿನಿಯಂ ಕೊಳವೆಗಳ ಪ್ರಕರಣ

2002ರ ಸೆಪ್ಟೆಂಬರ್ 6ರಂದು ನೈಟ್ ರಿಡರ್ ಸಂಸ್ಥೆಯ ವರದಿಗಾರರಾದ ವಾರೆನ್ ಸ್ಟ್ರೋಬೆಲ್ ಮತ್ತು ಜೊನಾಥನ್ ಲ್ಯಾಂಡೆ, ಇರಾಕಿನ ಅಸ್ತ್ರಗಳ ಬಗ್ಗೆ ಗಟ್ಟಿ ಪುರಾವೆ ಇಲ್ಲದಿರುವುದು ಹಿರಿಯ ಅಧಿಕಾರಿಗಳಿಗೇ ಆತಂಕ ತಂದಿದೆ ಎಂದು ಬರೆದರು. ಎರಡೇ ದಿನಗಳ ನಂತರ, ಸೆಪ್ಟೆಂಬರ್ 8ರ ಭಾನುವಾರ, ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಮೈಕೆಲ್ ಗಾರ್ಡನ್ ಮತ್ತು ಜೂಡಿತ್ ಮಿಲ್ಲರ್ ಅವರ ವರದಿ ಬಂತು. ಇರಾಕ್ ಕೊಳ್ಳಲು ಯತ್ನಿಸಿದ ಅಲ್ಯೂಮಿನಿಯಂ ಕೊಳವೆಗಳು ಯುರೇನಿಯಂ ಸಂವರ್ಧನೆಗೆ ಎಂಬುದು ಅದರ ಸಾರ. ಮಾಹಿತಿ ಕೊಟ್ಟವರು ಹೆಸರು ಬಯಲಾಗದ ಅಧಿಕಾರಿಗಳು. ಅದೇ ದಿನ ಉಪಾಧ್ಯಕ್ಷ ಡಿಕ್ ಚೆನಿ ಟಿವಿ ಸಂದರ್ಶನದಲ್ಲಿ ಆ ವರದಿಯನ್ನೇ ಉಲ್ಲೇಖಿಸಿದರು. ಸರ್ಕಾರದೊಳಗಿನಿಂದ ಹೊರಟ ಮಾತು ಪತ್ರಿಕೆಯ ಮುದ್ರೆ ಒತ್ತಿಸಿಕೊಂಡು ಸರ್ಕಾರದ ಬಾಯಿಗೇ ಸಾಕ್ಷ್ಯವಾಗಿ ಮರಳಿತು.

ಆ ಕೊಳವೆಗಳು ಇರಾಕ್ ಬಳಸುತ್ತಿದ್ದ 81 ಮಿಲಿಮೀಟರ್ ರಾಕೆಟ್‌ಗಳಿಗೆ ಹೊಂದುತ್ತವೆ ಎಂಬುದು ಅಮೆರಿಕದ ಇಂಧನ ಇಲಾಖೆಯ ತಜ್ಞರ ಅಭಿಪ್ರಾಯವಾಗಿತ್ತು. ತಜ್ಞರಲ್ಲಿ ಭಿನ್ನಮತವಿದೆ ಎಂಬ ವಿಷಯ ಐದು ದಿನಗಳ ಬಳಿಕ ಅದೇ ಪತ್ರಿಕೆಯಲ್ಲಿ ಬಂತಾದರೂ ಎ13ನೇ ಪುಟ ಸೇರಿತು. ಶೀರ್ಷಿಕೆಯಲ್ಲಿ ಅದರ ಸುಳಿವೂ ಇರಲಿಲ್ಲ.

ಯುದ್ಧಪೂರ್ವದ ಆಕ್ಷೇಪಗಳು

ಇಂದು ಯುದ್ಧದ ಪರ ನಿಂತಿತೆಂದು ಟೀಕೆಗೊಳಗಾಗುವ ಇದೇ ‘ಟೈಮ್ಸ್’ ಮೇಲೆ 2002ರ ಆಗಸ್ಟ್‌ನಲ್ಲಿ ತದ್ವಿರುದ್ಧ ಆರೋಪವಿತ್ತು. ರಿಪಬ್ಲಿಕನ್ ಹಿರಿಯರಲ್ಲೇ ಒಡಕಿದೆ ಎಂದು ಅದು ಬರೆದಾಗ, ಅಂಕಣಕಾರ ಚಾರ್ಲ್ಸ್ ಕ್ರೌತಮ್ಮರ್ ಮೊದಲಾದ ಬಲಪಂಥೀಯರು ಪತ್ರಿಕೆ ಯುದ್ಧವಿರೋಧಿ ಅಭಿಯಾನ ನಡೆಸುತ್ತಿದೆ ಎಂದು ಹರಿಹಾಯ್ದರು. ಆ ಕಾಲದ ಒತ್ತಡ ಎತ್ತ ಕಡೆಯಿಂದ ಬರುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಯುದ್ಧವನ್ನು ಪ್ರಶ್ನಿಸುತ್ತಿದ್ದ ಫಿಲ್ ಡಾನಹ್ಯೂ ಅವರ ಕಾರ್ಯಕ್ರಮವನ್ನು ಎಂಎಸ್‌ಎನ್‌ಬಿಸಿ ವಾಹಿನಿ 2003ರ ಫೆಬ್ರುವರಿಯಲ್ಲಿ ನಿಲ್ಲಿಸಿತು.

ಮಾರ್ಚ್ 16ರಂದು, ದಾಳಿಗೆ ಕೆಲವೇ ದಿನಗಳಿದ್ದಾಗ, ಅಸ್ತ್ರಗಳ ಬಗ್ಗೆ ನಿಖರ ಮಾಹಿತಿಯಿಲ್ಲ ಎಂಬ ವಾಲ್ಟರ್ ಪಿಂಕಸ್ ಅವರ ವರದಿ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಬಂತು. ಅದೇ ಪತ್ರಿಕೆಯ ಹಿರಿಯ ಪತ್ರಕರ್ತ ಬಾಬ್ ವುಡ್‌ವರ್ಡ್ ಒತ್ತಾಸೆಯಾಗಿ ನಿಂತರೂ ಅದಕ್ಕೆ ಸಿಕ್ಕಿದ್ದು ಎ17ನೇ ಪುಟ.

ಆತ್ಮಾವಲೋಕನ ಮತ್ತು ವಿಚಾರಣೆಗಳು

2004ರ ಮೇ 26ರಂದು ‘ಟೈಮ್ಸ್’ ಸಂಪಾದಕರು ತಮ್ಮ ವರದಿಗಾರಿಕೆ ಬಿಗಿಯಾಗಿರಲಿಲ್ಲವೆಂದು ಒಪ್ಪಿಕೊಂಡರು. ಆ ಟಿಪ್ಪಣಿಯೂ ಒಳಪುಟದಲ್ಲೇ ಪ್ರಕಟವಾಯಿತು. ಆಗಸ್ಟ್ 12ರಂದು ‘ಪೋಸ್ಟ್’ನ ಹೊವರ್ಡ್ ಕರ್ಟ್ಜ್ ಸ್ವಂತ ಪತ್ರಿಕೆಯ ಲೆಕ್ಕ ತೆಗೆದರು: 2002ರ ಆಗಸ್ಟ್‌ನಿಂದ ಯುದ್ಧದ ಆರಂಭದವರೆಗೆ ಸರ್ಕಾರದ ಇರಾಕ್ ವಿರೋಧಿ ಮಾತುಗಳಿಗೆ ಒತ್ತು ಕೊಟ್ಟ 140ಕ್ಕೂ ಹೆಚ್ಚು ವರದಿಗಳು ಮುಖಪುಟದಲ್ಲಿದ್ದವು. 2008ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅವರ ಮಾಜಿ ಮಾಧ್ಯಮ ಕಾರ್ಯದರ್ಶಿ ಸ್ಕಾಟ್ ಮೆಕ್‌ಲೆಲನ್ ಕೂಡ, ಪತ್ರಕರ್ತರು ಶ್ವೇತಭವನದ ಪ್ರಚಾರಕ್ಕೆ ಕೈಜೋಡಿಸಿದರು ಎಂದು ಬರೆದರು.

ಬ್ರಿಟನ್‌ನಲ್ಲಿ ದಂಡ ತೆತ್ತದ್ದು ಪ್ರಶ್ನೆ ಎತ್ತಿದ ಸಂಸ್ಥೆ. 45 ನಿಮಿಷಗಳಲ್ಲಿ ಅಸ್ತ್ರ ಪ್ರಯೋಗ ಸಾಧ್ಯ ಎಂದ ಸರ್ಕಾರಿ ಕಡತವನ್ನು ಬಿಬಿಸಿಯ ಆಂಡ್ರ್ಯೂ ಗಿಲಿಗನ್ 2003ರ ಮೇ ತಿಂಗಳಲ್ಲಿ ಪ್ರಶ್ನಿಸಿದರು. ಅವರ ಆರೋಪ ನಿರಾಧಾರವೆಂದು 2004ರ ಜನವರಿಯಲ್ಲಿ ನ್ಯಾಯಮೂರ್ತಿ ಹಟನ್ ನೇತೃತ್ವದ ವಿಚಾರಣೆ ಹೇಳಿದಾಗ ಬಿಬಿಸಿಯ ಅಧ್ಯಕ್ಷ ಮತ್ತು ಮಹಾನಿರ್ದೇಶಕ ಇಬ್ಬರೂ ಹುದ್ದೆ ತೊರೆದರು. ಯುದ್ಧದಲ್ಲಿ ಬ್ರಿಟನ್ನಿನ ಪಾತ್ರವನ್ನು ಪರಿಶೀಲಿಸಿದ 2016ರ ಚಿಲ್ಕಾಟ್ ವರದಿಯಾದರೋ, ಅಸ್ತ್ರಗಳ ಅಪಾಯವನ್ನು ಸಲ್ಲದ ಖಚಿತತೆಯಿಂದ ಮಂಡಿಸಲಾಗಿತ್ತು ಎಂದಿತು. ಗಿಲಿಗನ್ ವರದಿಯ ಪ್ರತಿ ವಾಕ್ಯವನ್ನೂ ಇದು ಎತ್ತಿಹಿಡಿಯುವುದಿಲ್ಲ; ಆ ಕಡತವನ್ನು ಪ್ರಶ್ನಿಸಬೇಕಿತ್ತು ಎಂಬುದನ್ನಂತೂ ಸ್ಥಾಪಿಸುತ್ತದೆ.

ವಿಶ್ಲೇಷಣೆ

ಹೀಗೇಕಾಯಿತು? ಅಧಿಕಾರದ ಪಡಸಾಲೆಯಲ್ಲಿ ಎಷ್ಟು ಭಿನ್ನಮತವಿದೆಯೋ ಅಷ್ಟನ್ನೇ ಪತ್ರಿಕೆಗಳು ಬಿಂಬಿಸುತ್ತವೆ ಎಂದು ರಾಜ್ಯಶಾಸ್ತ್ರಜ್ಞ ಲಾನ್ಸ್ ಬೆನೆಟ್ 1990ರಲ್ಲೇ ವಾದಿಸಿದ್ದರು. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೆನೆಟ್ 77–23 ಮತಗಳಿಂದ ಯುದ್ಧಾಧಿಕಾರ ನೀಡಿತು. ಎರಡೂ ಸದನಗಳ ಡೆಮಾಕ್ರಟಿಕ್ ನಾಯಕರು ಪರವಾಗಿಯೇ ಮತ ಹಾಕಿದರು. ವಿರೋಧ ಪಕ್ಷದ ನಾಯಕತ್ವವೇ ಬಾಯಿ ಮುಚ್ಚಿದಾಗ ಸಂದೇಹ ಒಳಪುಟಕ್ಕೆ ಸರಿಯಿತು. ಆದರೆ ನೈಟ್ ರಿಡರ್ ವರದಿಗಾರರು ಮಧ್ಯಮ ಹಂತದ ಅಧಿಕಾರಿಗಳನ್ನೂ ತಜ್ಞರನ್ನೂ ಮಾತಾಡಿಸಿ ಬೇರೆಯೇ ಚಿತ್ರ ಕಂಡರು. ಯಾರಿಗೂ ಗೊತ್ತಾಗುವಂತಿರಲಿಲ್ಲ ಎಂಬ ಸಮಜಾಯಿಷಿ ಇಲ್ಲಿ ಬಿದ್ದುಹೋಗುತ್ತದೆ.

ಉಪಸಂಹಾರ

ಯುದ್ಧಕಾಲದ ಪತ್ರಿಕೋದ್ಯಮವನ್ನು ಅಳೆಯುವಾಗ ಏನು ಪ್ರಕಟವಾಯಿತು ಎಂದಷ್ಟೇ ಕೇಳಿದರೆ ಸಾಲದು. ಎಲ್ಲಿ, ಯಾವಾಗ, ಎಷ್ಟು ಸಲ ಎಂದೂ ಕೇಳಬೇಕು. ಸರ್ಕಾರದ ಹೇಳಿಕೆಗೆ ಮುಖಪುಟವನ್ನೂ ಅದರ ಪರಿಶೀಲನೆಗೆ ಹದಿನೇಳನೇ ಪುಟವನ್ನೂ ಕೊಡುವುದು ಸುದ್ದಿಮನೆಯ ರಾಜಕೀಯ ತೀರ್ಮಾನ. ಜನರ ಪ್ರಾಣ ಪಣಕ್ಕಿರುವಾಗ ಆ ತೀರ್ಮಾನದ ಹೊಣೆಯನ್ನು ಸಂಪಾದಕರು ಗುಪ್ತಚರರ ತಲೆಗೆ ಕಟ್ಟಲಾಗದು.